ಬೆನ್ನು ಹಾಕಿ ಕೂತ ಬೆಕ್ಕು

ಗೊಂಬೆಯಣ್ಣನನ್ನು ಯಾರಾದರೂ "ನಿಮ್ಮ ಕೆಲಸ ಏನು?" ಎಂದು ಕೇಳಿದರೆ ಅವನು ಕತ್ತನ್ನು ತುಸು ವಾಲಿಸಿ, "ನಿಲ್ಲಿಸೋ ಕೆಲಸ" ಎನ್ನುತ್ತಿದ್ದ. ದೊಡ್ಡ ಬೀದಿಯ ಜವಳಿ ಅಂಗಡಿಯಲ್ಲಿ ಗಾಜಿನ ಹಿಂದೆ ಆಳೆತ್ತರದ ಗೊಂಬೆಗಳಿರುತ್ತವಲ್ಲ, ಅವಕ್ಕೆ ಬಟ್ಟೆ ತೊಡಿಸಿ, ಕೈಕಾಲು ತಿರುವಿ, ದಾರಿಯಲ್ಲಿ ಹೋಗುವವರನ್ನು ಒಳಗೆ ಕರೆಯುವ ಹಾಗೆ ನಿಲ್ಲಿಸುವುದು ಅವನ ಕಸುಬು. ಸೊಂಟದ ಮೇಲೆ ಕೈಯಿಟ್ಟರೆ ‘ನನ್ನ ಹತ್ತಿರ ಇದೆ, ನಿನ್ನ ಹತ್ತಿರ ಇಲ್ಲ’ ಎಂದರ್ಥ. ಕತ್ತು ಬಾಗಿದರೆ ‘ಬೆಲೆ ಕೇಳಿ ನೋಡಿ, ಅಷ್ಟೇನಿಲ್ಲ’ ಎಂದರ್ಥ. ಅರ್ಥವಿಲ್ಲದ ನಿಲುವು ಎಂಬುದೇ ಲೋಕದಲ್ಲಿಲ್ಲ ಎಂದು ಅವನು ನಂಬಿದ್ದ. ಇಂಥವನ ಮನೆಗೆ ಒಂದು ಬೆಕ್ಕು ಬಂದು ಸೇರಿದ್ದು ವಿಧಿಯ ತಪ್ಪೇ ಹೊರತು ಅವನದಲ್ಲ.

ಬೆಕ್ಕನ್ನು ಯಾರೂ ತಂದದ್ದಲ್ಲ. ಒಂದು ಬೆಳಿಗ್ಗೆ ಹೆಂಡತಿ ಬಾಗಿಲು ತೆಗೆದಾಗ ಅದು ಮನೆಯ ಒಳಗಿನಿಂದ ಹೊರಗೆ ಹೋಯಿತು. ಅವಳು ಗಾಬರಿಯಾಗಿ ಕಿಟಕಿಗಳನ್ನೆಲ್ಲ ನೋಡಿದಳು. ಎಲ್ಲಕ್ಕೂ ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು. ಬೂದಿ ಬಣ್ಣದ್ದಾದ್ದರಿಂದ ಗೊಂಬೆಯಣ್ಣನ ಅಕ್ಕ ಅದಕ್ಕೆ ಬೂದಿ ಎಂದೇ ಹೆಸರಿಟ್ಟಳು. ಬೂದಿ ಕೂಗುತ್ತಿರಲಿಲ್ಲ. ಹಸಿವಾದರೂ ಇಲ್ಲ, ಬಾಲ ತುಳಿದರೂ ಇಲ್ಲ. ಅದರ ಬಾಯಿಂದ ಒಂದು ‘ಮಿಯಾಂ’ ಹೊರಟದ್ದನ್ನು ಆ ಕಟ್ಟಡದಲ್ಲಿ ಕೇಳಿದವರಿಲ್ಲ. ಸುಮ್ಮನೆ ಕೂರುತ್ತಿತ್ತು, ಇಲ್ಲವೇ ಮಲಗುತ್ತಿತ್ತು, ನೋಡುತ್ತಿತ್ತು.

ಅನಾಹುತ ಶುರುವಾದದ್ದು ಮೆಟ್ಟಿಲ ತಿರುವಿನಲ್ಲಿ. ಮೇಲಿನ ಮನೆಯ ಮೀಟರ್ ಮಾವ, ಅಂದರೆ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡಿ ನೋಡಿ ನಿವೃತ್ತನಾದ ಮುದುಕ, ತಮ್ಮನ ಮನೆಗೆಂದು ಪೆಟ್ಟಿಗೆ ಹಿಡಿದು ಇಳಿದು ಬಂದ. ತಿರುವಿನಲ್ಲಿ ಬೂದಿ ಅವನಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಿತ್ತು. ಗೊಂಬೆಯಣ್ಣ ಆಗಷ್ಟೇ ಮನೆಯಿಂದ ಹೊರಬಂದಿದ್ದ.

"ಏನಪ್ಪಾ ಗೊಂಬೆಯಣ್ಣ, ನಿನ್ನ ಬೆಕ್ಕಿಗೆ ನನ್ನ ಮೇಲೇನು ಕೋಪ? ಹೀಗೆ ಕೂತಿದೆಯಲ್ಲ, ಏನರ್ಥ?"

ಗೊತ್ತಿಲ್ಲ ಎಂದಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಆದರೆ ನಿಲುವಿನ ಅರ್ಥ ಕೇಳಿದವರಿಗೆ ಗೊತ್ತಿಲ್ಲ ಎನ್ನುವುದು ಅವನ ಕಸುಬಿಗೇ ಅವಮಾನ. ಅವನು ಕತ್ತು ವಾಲಿಸಿ, "ಬೆನ್ನು ಹಾಕಿ ಕೂತ್ರೆ ಹೊರಡಬೇಡಿ ಅಂತ, ಮಾವ. ಎದುರಿಗೆ ಕಾಲು ಮಡಚಿ, ಕಣ್ಣು ಅರ್ಧ ಮುಚ್ಚಿ ಕೂತ್ರೆ ಹೋಗಿ ಬನ್ನಿ ಅಂತ" ಎಂದುಬಿಟ್ಟ.

ಮಾವ ನಕ್ಕ. ನಕ್ಕರೂ ಕಾಲು ಮುಂದೆ ಹೋಗಲಿಲ್ಲ. ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ನಿಂತ, ಬಸ್ಸು ಹೋಯಿತು. ಸಂಜೆ ತಮ್ಮನಿಂದ ಫೋನು ಬಂತು. ಅಣ್ಣ ಬರುತ್ತಾನೆಂದು ಹಾಸಿಟ್ಟಿದ್ದ ಮಂಚದ ಮೇಲೆ ಮಧ್ಯಾಹ್ನ ಸೂರಿನ ಗಾರೆ ಇಡಿಯಾಗಿ ಕಳಚಿ ಬಿದ್ದಿತ್ತು. ದಿಂಬು ಚಿಂದಿಯಾಗಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನೀವು ಹೇಳಬಹುದು. ಆ ದಿಂಬಿನ ಮೇಲೆ ತಲೆಯಿಡಬೇಕಾಗಿದ್ದವನು ಹಾಗೆ ಹೇಳಲಿಲ್ಲ. ಕಟ್ಟಡದ ಪ್ರತಿ ಬಾಗಿಲು ತಟ್ಟಿ, ಕೆಲಸದಲ್ಲಿದ್ದಾಗ ತಟ್ಟಿದ್ದಕ್ಕಿಂತ ಗಟ್ಟಿಯಾಗಿ ತಟ್ಟಿ, ಸುದ್ದಿ ಮುಟ್ಟಿಸಿದ.

ಮರುವಾರ ಎದುರುಮನೆಯ ಟೀಚರಮ್ಮ ಬಂದಳು. ಬೂದಿ ಅವಳ ಮನೆಯ ಕಾಲೊರೆಸಿನ ಮೇಲೆ ಸಿಂಬೆಯಂತೆ ಸುತ್ತಿಕೊಂಡು ಮಲಗಿತ್ತಂತೆ, ಎಬ್ಬಿಸಿದರೂ ಏಳಲಿಲ್ಲವಂತೆ. "ಅದರರ್ಥ ಏನು ಅಂತ ಹೇಳಿಬಿಡಿ, ನಂಗೆ ನಿದ್ದೆ ಬರ್ತಿಲ್ಲ."

"ಸುತ್ತಿಕೊಂಡು ಮಲಗಿದ್ರೆ ಕಳೆದುಹೋಗಿದ್ದು ಸಿಗುತ್ತೆ" ಎಂದ ಗೊಂಬೆಯಣ್ಣ. ಯಾರ ಮನೆಯಲ್ಲಿ ಏನಾದರೊಂದು ಕಳೆದುಹೋಗಿರುವುದಿಲ್ಲ? ಮಾತು ತಿರುಗಿ ಹೊಡೆಯುವ ಭಯವಿಲ್ಲ ಎಂಬುದು ಅವನ ಲೆಕ್ಕ.

ಟೀಚರಮ್ಮನಿಗೆ ಸಿಕ್ಕಿದ್ದು ತೀರಿಹೋದ ಗಂಡನ ಕನ್ನಡಕ. ಅವರು ತೀರಿಕೊಂಡ ವಾರದಿಂದ ಮನೆಯನ್ನೆಲ್ಲ ತಡಕಿಯೂ ಸಿಗದಿದ್ದದ್ದು ಈಗ ಬಚ್ಚಲಮನೆಯ ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿಟ್ಟ ಹಾಗೆ ಇತ್ತು. ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು ತೋರಿಸಿದಳು. "ಸಿಕ್ಕಿದ್ದು ಸಂತೋಷವೇ. ಆದ್ರೆ ನೋಡಿ, ಒಂದು ಚೂರು ಧೂಳಿಲ್ಲ. ಯಾರೋ ಈಗ ತಾನೇ ಒರೆಸಿಟ್ಟ ಹಾಗಿದೆ." ಗೊಂಬೆಯಣ್ಣ ಕನ್ನಡಕವನ್ನು ಮುಟ್ಟದೆ ಕೈ ಹಿಂದಕ್ಕೆ ಎಳೆದುಕೊಂಡ. ಆದರೂ ಎಲ್ಲವೂ ತನಗೆ ಮೊದಲೇ ಗೊತ್ತಿತ್ತು ಎಂಬ ಮುಖ ಮಾಡಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಅವನು ಬೂದಿಯಿಂದಲೇ ಕಲಿತಂತಿತ್ತು.

ಆಮೇಲೆ ಬೂದಿ ಅವನ ಮನೆಯ ನಡುಕೋಣೆಯಲ್ಲೇ ಹೊಸ ಅಭ್ಯಾಸ ಹಿಡಿಯಿತು. ಖಾಲಿ ಬೆತ್ತದ ಕುರ್ಚಿಯ ಮುಂದೆ ಪಕ್ಕಕ್ಕೆ ಒರಗಿ, ಉದ್ದಕ್ಕೆ ಚಾಚಿ ಮಲಗಿ, ಕುರ್ಚಿಯ ಮೇಲ್ಗಡೆ ನೋಡುತ್ತಿತ್ತು. ಕುರ್ಚಿಯನ್ನಲ್ಲ, ಕುರ್ಚಿಯಲ್ಲಿ ಕೂತವರ ಮುಖ ಇರಬೇಕಾದ ಎತ್ತರವನ್ನು. ಇದಕ್ಕೆ ಗೊಂಬೆಯಣ್ಣ ಅರ್ಥ ಹೇಳಲಿಲ್ಲ, ಬೇಡವೆಂದರೂ ಜನ ಅರ್ಥ ಮಾಡಿಕೊಂಡರು. ಬಂದವರು ನಿಂತೇ ಮಾತಾಡಿ ಹೋಗತೊಡಗಿದರು. ಟೀಚರಮ್ಮ ಹೊರಡುವಾಗ ಕುರ್ಚಿಗೂ "ಬರ್ತೀನಿ" ಎನ್ನುತ್ತಿದ್ದಳು. ಹೆಂಡತಿ ದಿನಾ ಬೆಳಿಗ್ಗೆ ಕುರ್ಚಿ ಒರೆಸುತ್ತಿದ್ದಳು.

"ಯಾಕೆ ಒರೆಸ್ತೀಯ? ಯಾರೂ ಕೂರೋದಿಲ್ವಲ್ಲ."

"ಯಾರಾದ್ರೂ ಆಗ್ಲಿ ರೀ, ಧೂಳಲ್ಲಿ ಕೂರಿಸೋಕಾಗುತ್ತಾ?"

ಇಷ್ಟರವರೆಗೆ ನಷ್ಟವೇನೂ ಆಗಿರಲಿಲ್ಲ. ಆಗುವುದಿದ್ದದ್ದು ಅಕ್ಕನಿಂದ.

ಅಕ್ಕನ ವಿಷಯ ಹೇಳಬೇಕು. ತಾಯಿ ತೀರಿಕೊಂಡಾಗ ಗೊಂಬೆಯಣ್ಣನಿಗೆ ಹಲ್ಲು ಬಂದಿರಲಿಲ್ಲ, ಅಕ್ಕನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅಂದಿನಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ತಾನು ಮದುವೆಯಾಗದೆ, ಬಟ್ಟೆ ಹೊಲಿದು ಅವನನ್ನು ಓದಿಸಿ, ಓದು ಹತ್ತದಾಗ ಸೂಜಿ ಹಿಡಿಯುವುದನ್ನು ಕಲಿಸಿ, ಅಂಗಡಿಗೆ ಸೇರಿಸಿದವಳೂ ಅವಳೇ. ಈಗ ಅವಳ ಪಿತ್ತಕೋಶದಲ್ಲಿ ಕಲ್ಲು. ನೋವು ಬಂದಾಗ ಗೋಡೆ ಹಿಡಿದು ನಿಲ್ಲುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಬೇಗ ಆಪರೇಷನ್ ಮಾಡಿಸದಿದ್ದರೆ ಒಳಗೇ ಒಡೆದು ವಿಷವಾಗುತ್ತದೆ, ಆಮೇಲೆ ನನ್ನ ಕೈಯಲ್ಲೇನೂ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಕ್ಕ ಇಲ್ಲದ ಮನೆ ಎಂಬ ಯೋಚನೆ ಬಂದರೆ ಗೊಂಬೆಯಣ್ಣ ಎದ್ದು ಏನಾದರೂ ಒಂದು ಕೆಲಸ ಹುಡುಕಿಕೊಳ್ಳುತ್ತಿದ್ದ.

ಆಪರೇಷನ್ನಿಗೆ ಗೊತ್ತುಮಾಡಿದ ದಿನ ಬೆಳಿಗ್ಗೆ ಬ್ಯಾಗು ಹಿಡಿದು ಮೂವರೂ ಇಳಿದರು. ಮೆಟ್ಟಿಲ ತಿರುವಿನಲ್ಲಿ ಬೂದಿ ಗೋಡೆಗೆ ಮುಖ ಮಾಡಿ ಕೂತಿತ್ತು.

ಅಕ್ಕ ಬ್ಯಾಗು ಕೆಳಗಿಟ್ಟಳು. "ಬೇಡ ಬಿಡಪ್ಪ."

"ಅಕ್ಕ, ಅದು ಬೆಕ್ಕು. ಸುಮ್ನೆ ಕೂತಿದೆ."

"ನೀನೇ ಹೇಳಿದ್ಯಲ್ಲ."

"ನಾನು ಸುಳ್ಳು ಹೇಳ್ದೆ. ನಂಗೇನೂ ಗೊತ್ತಿಲ್ಲ. ಬಾಯಿಗೆ ಬಂದಿದ್ದು ಹೇಳ್ದೆ."

"ನೀನು ಸುಳ್ಳು ಹೇಳಿರಬಹುದು. ಸೂರು ಬಿದ್ದಿದ್ದು ಸುಳ್ಳಾ?"

ಅಷ್ಟರಲ್ಲಿ ಮಾವ ಮೇಲಿನಿಂದಲೂ ಟೀಚರಮ್ಮ ಎದುರಿನಿಂದಲೂ ಬಂದು ಸೇರಿದ್ದರು. ಗೊಂಬೆಯಣ್ಣ ಅವರ ಮುಂದೆಯೂ ಕೈ ಮುಗಿದು, ತನಗೆ ಬೆಕ್ಕಿನ ಭಾಷೆ ಬರುವುದಿಲ್ಲವೆಂದು ಒಪ್ಪಿಕೊಂಡ. ಮಾವನ ಕಣ್ಣು ಒದ್ದೆಯಾಯಿತು. "ನೋಡಿದ್ರಾ ಟೀಚರಮ್ಮ, ಎಷ್ಟು ವಿನಯ. ಎಲ್ಲಾ ಗೊತ್ತಿರೋರು ಹೀಗೇ ಮಾತಾಡೋದು."

"ನಿಜವಾಗಿಯೂ ಗೊತ್ತಿಲ್ಲ ಮಾವ."

"ಸರಿ ಸರಿ, ಹೊರಗೆ ಹೇಳಬಾರ್ದು ಅಂತಿದ್ರೆ ಬೇಡ ಬಿಡು" ಎಂದು ಮಾವ ದನಿ ತಗ್ಗಿಸಿದ. ಇಷ್ಟೂ ಹೊತ್ತು ಬೂದಿ ಒಮ್ಮೆಯೂ ತಿರುಗಿ ನೋಡಲಿಲ್ಲ. ಅದರ ಕಿವಿಗಳು ಮಾತ್ರ ಮಾತಾಡುವವರ ಕಡೆಗೆ ಒಂದೊಂದಾಗಿ ಹಿಂದಕ್ಕೆ ತಿರುಗುತ್ತಿದ್ದವು.

ಡಾಕ್ಟರು ಫೋನಿನಲ್ಲಿ ಕಾರಣವನ್ನು ಎರಡು ಸಲ ಹೇಳಿಸಿಕೊಂಡರು. "ನಾನು ಇಷ್ಟು ವರ್ಷ ಓದಿದ್ದು ಬೆಕ್ಕಿನ ಒಪ್ಪಿಗೆ ಪಡೆಯೋಕಲ್ಲ. ಬರೋ ವಾರ ಇನ್ನೊಂದು ದಿನ ಕೊಡ್ತೀನಿ. ಅದೇ ಕೊನೆ" ಎಂದು ಫೋನಿಟ್ಟರು. ತಾನು ತೋಡಿದ ಹಳ್ಳಕ್ಕೆ ತಾನು ಬಿದ್ದರೆ ಎದ್ದು ಬರಬಹುದು. ಅಕ್ಕನನ್ನು ಬೀಳಿಸಿದರೆ ಏನು ಮಾಡುವುದು?

ಯಾರಾದರೂ ಓದಿದವರ ಬಾಯಿಂದ ಸತ್ಯ ಹೇಳಿಸೋಣವೆಂದು ಗೊಂಬೆಯಣ್ಣ ಬೂದಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಅಕ್ಕನೊಂದಿಗೆ ದನದ ಡಾಕ್ಟರ ಬಳಿ ಹೋದ. ಅವರು ಖುಷಿಯಿಂದ ಪಾಠ ಶುರುಮಾಡಿದರು.

"ಇದರಲ್ಲಿ ಮಂತ್ರತಂತ್ರ ಏನೂ ಇಲ್ಲಮ್ಮ. ಚಳಿಯಾದ್ರೆ ಸುತ್ಕೊಳ್ಳುತ್ತೆ, ಸೆಕೆಯಾದ್ರೆ ಚಾಚ್ಕೊಳ್ಳುತ್ತೆ. ಕಾಲು ಮಡಚಿ ಹೊಟ್ಟೆ ಕೆಳಗಿಟ್ಕೊಂಡ್ರೆ ಈಗ ಎದ್ದು ಓಡೋ ಯೋಚನೆ ಇಲ್ಲ ಅಂತ. ಹೊಟ್ಟೆ ತೋರಿಸಿ ಅಂಗಾತ ಬಿದ್ರೆ ಇಲ್ಲಿ ಭಯ ಇಲ್ಲ ಅಂತ. ಇನ್ನು ಬೆನ್ನು ಹಾಕಿ ಕೂತ್ರೆ, ನಿಮ್ಮ ಮೇಲೆ ನಂಬಿಕೆ ಅಂತ. ಶತ್ರುಗೆ ಯಾರಾದ್ರೂ ಬೆನ್ನು ತೋರಿಸ್ತಾರಾ?"

ಗೊಂಬೆಯಣ್ಣನಿಗೆ ಅವರ ಕಾಲಿಗೆ ಬೀಳೋಣ ಎನಿಸಿತು. "ಕೇಳಿದ್ಯಾ ಅಕ್ಕ?"

ಬೆಕ್ಕು ಹೇಗೂ ಬಂದಿದೆ, ಪರೀಕ್ಷೆಯನ್ನೂ ಮಾಡಿಬಿಡೋಣವೆಂದು ಡಾಕ್ಟರು ತಮ್ಮ ಕಿವಿಗೆ ಸ್ಟೆತಾಸ್ಕೋಪ್ ಹಾಕಿ ಬೂದಿಯ ಎದೆಗೆ ಒತ್ತಿದರು. ಸ್ವಲ್ಪ ಎಡಕ್ಕೆ ಸರಿಸಿದರು. ಬಲಕ್ಕೆ ಸರಿಸಿದರು. ಹುಬ್ಬು ಗಂಟಿಕ್ಕಿ, ಫ್ಯಾನು ಆರಿಸಿ, ಮತ್ತೆ ಕೇಳಿದರು. ಕೊನೆಗೆ, "ಬಡಿತ ಇದೆ, ಇದೆ. ಸ್ವಲ್ಪ ದೂರದಲ್ಲಿದೆ" ಎಂದರು.

"ದೂರದಲ್ಲಿ ಅಂದ್ರೆ?"

ಅವರು ಸ್ಟೆತಾಸ್ಕೋಪ್ ತೆಗೆದಿಟ್ಟರು. ಕೈ ತೊಳೆದರು, ಮತ್ತೊಮ್ಮೆ ತೊಳೆದರು. ಆಮೇಲೆ ಬಾಗಿಲ ಕಡೆ ನೋಡಿ, "ಒಂದು ವಿಷಯ. ನನ್ನ ವರ್ಗಾವಣೆ ಆಗೋದಿದೆ. ಒಳ್ಳೆ ಜಾಗ ಸಿಗುತ್ತೋ ಇಲ್ವೋ. ಹಾಗೇ ಸುಮ್ನೆ ಕೇಳ್ತಿದೀನಿ" ಎಂದರು. ಮೇಜಿನ ಮೇಲಿದ್ದ ಬೂದಿ ನಿಧಾನವಾಗಿ ಎದ್ದು, ಅವರಿಗೆ ಬೆನ್ನು ಹಾಕಿ ಕೂತಿತು. ಡಾಕ್ಟರ ಮುಖ ಸುಣ್ಣ ಬಳಿದ ಹಾಗಾಯಿತು.

"ನಂಬಿಕೆ ಅಂತ ಈಗ ತಾನೇ ನೀವೇ ಹೇಳಿದ್ರಲ್ಲ ಸಾರ್" ಎಂದ ಗೊಂಬೆಯಣ್ಣ.

"ಅದು ಬೇರೆ ಬೆಕ್ಕುಗಳಿಗೆ" ಎಂದರು ಡಾಕ್ಟರು. ಅಕ್ಕ ಶಾಲು ಹೊದ್ದುಕೊಂಡು ಎದ್ದಳು. ಅವಳ ಮಟ್ಟಿಗೆ ವಿಜ್ಞಾನದ ಮಾತು ಅಲ್ಲಿಗೆ ಮುಗಿದಿತ್ತು.

ಕೆಟ್ಟ ಕಾಲ ಬಂದರೆ ಕಟ್ಟಿಕೊಂಡ ಕಸುಬೂ ಕಚ್ಚುತ್ತದೆ. ಹಿಂಬದಿಯ ಕಸೂತಿ ಕಾಣಲೆಂದು ಗೊಂಬೆಯಣ್ಣ ಅಂಗಡಿಯಲ್ಲಿ ಒಂದು ಗೊಂಬೆಯನ್ನು ಬೀದಿಗೆ ಬೆನ್ನು ಮಾಡಿ ನಿಲ್ಲಿಸಿದ್ದ. ಎಷ್ಟೋ ವರ್ಷದಿಂದ ಹಾಗೆ ನಿಲ್ಲಿಸುತ್ತಿದ್ದ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಜನ ಗಾಜಿನವರೆಗೆ ಬಂದು, ಆ ಬೆನ್ನು ನೋಡಿ, ಆಮೇಲೆ ಗೊಂಬೆಯಣ್ಣನ ಮುಖ ನೋಡಿ, ಬಂದ ದಾರಿ ಹಿಡಿದರು. ಸಂಜೆಯಾದರೂ ಒಬ್ಬ ಗಿರಾಕಿ ಮೆಟ್ಟಿಲು ಹತ್ತಲಿಲ್ಲ. ಅಂಗಡಿ ಯಜಮಾನ ಕುರ್ಚಿಯಿಂದ ಎದ್ದ.

"ನಿನ್ನ ಬೆಕ್ಕನ್ನ ಮನೇಲಿಟ್ಕೋ. ನನ್ನ ಗೊಂಬೆಗಳಿಗೆ ಅದರ ರೋಗ ಅಂಟಿಸಬೇಡ. ಸುದ್ದಿ ತಣ್ಣಗಾಗೋವರೆಗೂ ಹಿಂದೆ ಗೋದಾಮಲ್ಲಿ ಮುರಿದ ಗೊಂಬೆ ರಿಪೇರಿ ಮಾಡ್ಕೊಂಡಿರು."

ಗೋದಾಮಿಗೆ ಕಿಟಕಿಯಿಲ್ಲ. ಒಂದು ದೀಪ, ಹಲಗೆಯ ಮೇಲೆ ಸಾಲಾಗಿ ತಲೆಗಳು, ಮೂಲೆಯಲ್ಲಿ ರಾಶಿ ಕೈಗಳು. ಹಗಲು ಹೊತ್ತಿನಲ್ಲೂ ಅಲ್ಲಿ ಯಾರೋ ಈಗ ತಾನೇ ಮಾತು ನಿಲ್ಲಿಸಿದ ಹಾಗಿರುತ್ತಿತ್ತು. ಗೊಂಬೆಯಣ್ಣ ಅವುಗಳ ನಡುವೆ ಕೂತು ಅತ್ತ. ಅತ್ತು ಮೂಗು ಒರೆಸಿಕೊಳ್ಳಲು ಬಟ್ಟೆ ಹುಡುಕಿದಾಗ ಕೈಗೆ ಸಿಕ್ಕಿದ್ದು ಯಾವ ಕಾಲದಲ್ಲೋ ಮಾರಾಟವಾಗದೆ ಉಳಿದ ಒಂದು ಕೋಟು, ಬೂದಿ ಬಣ್ಣದ ತುಪ್ಪುಳಿನ ಕಾಲರಿನದು. ಅವನು ಕಾಲರನ್ನು ದೀಪಕ್ಕೆ ಹಿಡಿದು ನೋಡಿದ. ಜನ್ಮವಿಡೀ ಸುಳ್ಳು ಮನುಷ್ಯರನ್ನು ನಿಲ್ಲಿಸಿದವನಿಗೆ ಒಂದು ಸುಳ್ಳು ಬೆಕ್ಕನ್ನು ಕೂರಿಸುವುದು ಯಾವ ಮಹಾ?

ತಂತಿ ಬಗ್ಗಿಸಿ ಎಲುಬು ಮಾಡಿದ, ಹತ್ತಿ ತುಂಬಿದ, ಹಸಿರು ಗುಂಡಿಗಳನ್ನು ಅರ್ಧ ಮುಚ್ಚುವಂತೆ ರೆಪ್ಪೆ ಹೊಲಿದ. ಮುಂಗಾಲು ಒಳಕ್ಕೆ ಮಡಚಿ, ಬಾಲವನ್ನು ಸುತ್ತ ತಂದು, ‘ಹೋಗಿ ಬನ್ನಿ’ ಎಂಬ ಭಂಗಿಯಲ್ಲಿ ಕೂರಿಸಿದ. ಹೊಲಿಯುವ ಅವಸರದಲ್ಲಿ ಬೆರಳೆಲ್ಲ ಚುಚ್ಚಿಕೊಂಡ. ಅಕ್ಕನಿಗೆ ಕಣ್ಣು ಮಂದ, ಸೂಜಿಗೆ ದಾರ ಪೋಣಿಸಲೂ ಅವನನ್ನೇ ಕರೆಯುತ್ತಾಳೆ. ದೂರದಿಂದ ನೋಡಿದರೆ ಸಾಕು, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ. ಮುಗಿದ ಮೇಲೆ ಎದ್ದು ನಿಂತು ನೋಡಿದ. ಹಲಗೆಯ ಮೇಲಿನ ತಲೆಗಳೂ ನೋಡುತ್ತಿದ್ದವು. ಯಾವ ತಲೆಯೂ ಆಕ್ಷೇಪಿಸಲಿಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ನಿಜವಾದ ಬೂದಿಯನ್ನು ಬುಟ್ಟಿಯಲ್ಲಿ ತಂದು, ಮೀನು, ನೀರು ಇಟ್ಟು, ಗೋದಾಮಿಗೆ ಬೀಗ ಹಾಕಿ ಕೀಲಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ. ಬೆಳಿಗ್ಗೆ ಹೆಂಡತಿ ಅಕ್ಕನನ್ನು ಕೈಹಿಡಿದು ಮೆಟ್ಟಿಲಿಳಿಸುವಾಗ, ಏನೋ ಮರೆತೆನೆಂದು ಹಿಂದೆ ಉಳಿದು, ಗೊಂಬೆ ಬೆಕ್ಕನ್ನು ಬೀದಿ ಕಡೆಯ ಕಿಟಕಿಯ ಕಟ್ಟೆಯ ಮೇಲಿಟ್ಟು, ಬಾಗಿಲಿಗೆ ಬೀಗ ಹಾಕಿ ಓಡಿ ಬಂದ. ಬಾಡಿಗೆ ಕಾರು ಗೇಟಿನ ಹೊರಗೆ ನಿಂತಿತ್ತು. ಅಕ್ಕ ಗೇಟಿನಲ್ಲಿ ನಿಂತಿದ್ದಳು.

"ಬೂದಿ ಎಲ್ಲಿ? ಮೆಟ್ಟಿಲ ಮೇಲಿಲ್ಲ."

"ಕಿಟಕೀಲಿದೆ ನೋಡಕ್ಕ. ನಿನ್ನ ಕಡೆಗೇ ಮುಖ ಮಾಡಿ ಕೂತಿದೆ."

ಅಕ್ಕ ತಲೆಯೆತ್ತಿದಳು. ಗೊಂಬೆಯಣ್ಣನಿಗೆ ತಲೆಯೆತ್ತುವ ಧೈರ್ಯವಾಗಲಿಲ್ಲ. ತನ್ನ ಚಪ್ಪಲಿ ನೋಡಿಕೊಂಡು ನಿಂತ. ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಬೆರಳುಗಳನ್ನು ನೋಡಿದಳು, ಮುಖ ನೋಡಿದಳು. "ನಡೀರಿ" ಎಂದಳು. ಕಾರು ಹತ್ತುವ ಮೊದಲು ಇನ್ನೊಮ್ಮೆ ಕಿಟಕಿಯ ಕಡೆ ತಿರುಗಿ, ಶಾಲನ್ನು ಬಿಗಿಯಾಗಿ ಹೊದ್ದು, ಒಳಗೆ ಕೂತಳು. ದಾರಿಯುದ್ದಕ್ಕೂ ಅವನ ಮಣಿಕಟ್ಟು ಹಿಡಿದುಕೊಂಡಿದ್ದಳು, ಬಿಡಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಒಳಗೆ ಒಡೆಯುವುದಕ್ಕೆ ಸಿದ್ಧವಾಗಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಹೇಳುವ ಹಾಗಿರಲಿಲ್ಲ ಎಂದರು ಡಾಕ್ಟರು. ಹೊರಡುವಾಗ ಬಾಗಿಲಲ್ಲಿ ನಿಂತು, "ಬೆಕ್ಕು ಕೊನೆಗೂ ಒಪ್ಪಿತಾ?" ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ತಿಳಿಯಲಿಲ್ಲ. ಗೊಂಬೆಯಣ್ಣ ಹೆಂಡತಿಯನ್ನು ಅಲ್ಲೇ ಕೂರಿಸಿ, ಗಾಳಿಯಲ್ಲಿ ನಡೆದವನ ಹಾಗೆ ಅಂಗಡಿಗೆ ಹೋದ. ಗೋದಾಮಿನ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಬೂದಿ ಬುಟ್ಟಿಯಲ್ಲಿ ಸುತ್ತಿಕೊಂಡು ಮಲಗಿತ್ತು, ಮೀನು ಮುಗಿದಿತ್ತು. ಎಲ್ಲವೂ ಸರಿಯಾಗಿದೆ ಎಂದು ಅವನಿಗೆ ಬಹಳ ದಿನದ ಮೇಲೆ ಅನಿಸಿತು. ಅದನ್ನು ಹೊರಗೆ ಬಿಟ್ಟರೆ ಯಾರಾದರೂ ನೋಡಿಯಾರೆಂದು ಮತ್ತೆ ಬೀಗ ಹಾಕಿ ಬಂದ.

ಅವನು ಆಸ್ಪತ್ರೆಗೆ ಮರಳುವ ಹೊತ್ತಿಗೆ ಅಕ್ಕನಿಗೆ ಎಚ್ಚರವಾಗಿತ್ತು. ಹೆಂಡತಿ ಔಷಧಿ ತರಲು ಹೋಗಿದ್ದಳು. ಗೊಂಬೆಯಣ್ಣ ಮಂಚದ ಪಕ್ಕ ಕೂತು, ಹೊಟ್ಟೆಯೊಳಗಿದ್ದದ್ದನ್ನು ಹೇಳಿಬಿಡೋಣವೆಂದು ಬಾಯಿ ತೆಗೆದ.

"ಅಕ್ಕ, ಒಂದು ತಪ್ಪು ಮಾಡ್ದೆ. ಕಿಟಕೀಲಿದ್ದದ್ದು..."

"ಗೊಂಬೆ. ಗೊತ್ತು."

"ಹೇಗೆ ಗೊತ್ತಾಯ್ತು?"

"ಮೀಸೆ ಎಲ್ಲೋ?"

ಗೊಂಬೆಯಣ್ಣ ಹಣೆ ಹಣೆ ಬಡಿದುಕೊಂಡ. ಅಂಗಡಿಯ ಗೊಂಬೆಗಳಿಗೆ ಮೀಸೆ ಇರುವುದಿಲ್ಲ, ಅವನಿಗೆ ಅದು ಹೊಳೆದೇ ಇರಲಿಲ್ಲ. "ಅಷ್ಟು ದೂರದಿಂದ ನಿನಗೆ ಹೇಗೆ ಕಾಣಿಸ್ತು? ಕಣ್ಣು ಮಂದ ಅಲ್ವಾ?"

"ಹತ್ತಿರದ್ದು ಕಾಣಲ್ಲ ಕಣೋ. ದಾರ ಪೋಣಿಸಿಕೊಡು ಅಂದ್ರೆ ಕುರುಡಿ ಅಂದ್ಕೊಂಡ್ಯಾ? ದೂರದ್ದು ಎಲ್ಲಾ ಕಾಣುತ್ತೆ."

"ಗೊತ್ತಿದ್ದೂ ಮತ್ತೆ ಯಾಕೆ ಬಂದೆ?"

ಅಕ್ಕ ಅವನ ಚುಚ್ಚಿಕೊಂಡ ಬೆರಳುಗಳನ್ನು ಎತ್ತಿ ನೋಡಿದಳು. "ನೀನು ಚಪ್ಪಲಿ ನೋಡ್ಕೊಂಡು ನಿಂತಿದ್ದೆ. ಚಿಕ್ಕವನಿದ್ದಾಗ ಗಾಜಿನ ಲೋಟ ಒಡೆದು ಹಾಗೇ ನಿಲ್ತಿದ್ದೆ. ನಾನು ಬರ್ದೇ ಹೋದ್ರೆ ನೀನು ಅಲ್ಲೇ ನಿಂತುಬಿಡ್ತಿದ್ಯೇನೋ ಅನ್ನಿಸ್ತು. ಸಾಯೋದಾದ್ರೆ ಸಾಯ್ತೀನಿ, ಇವನನ್ನ ಹೀಗೆ ಬಿಟ್ಟು ಅಲ್ಲ ಅಂದ್ಕೊಂಡೆ. ಹೆದರಿಕೆ ಅಂತೂ ಬಹಳ ಆಯ್ತು. ಪಕ್ಕದಲ್ಲಿದ್ದದ್ದು ಬೆನ್ನು ಹಾಕಿ ಕೂತಿತ್ತಲ್ಲ."

"ಯಾವ ಪಕ್ಕದಲ್ಲಿ?"

"ನಿನ್ನ ಗೊಂಬೆ ಪಕ್ಕದಲ್ಲಿ. ಬೂದಿ. ಅದಕ್ಕೇ ನಾನು ಇನ್ನೊಂದು ಸಲ ನೋಡಿದ್ದು. ಆಗ ಅದೂ ಕತ್ತು ತಿರುಗಿಸಿ ನನ್ನ ನೋಡ್ತು. ಅದಕ್ಕೆ ಮೀಸೆ ಇತ್ತು."

ಗೊಂಬೆಯಣ್ಣ ಒಳಜೇಬು ಮುಟ್ಟಿ ನೋಡಿಕೊಂಡ. ಕೀಲಿ ಅಲ್ಲೇ ಇತ್ತು. "ಅಕ್ಕ, ಬೂದಿನ ನಿನ್ನೆ ಸಂಜೆನೇ ಗೋದಾಮಲ್ಲಿಟ್ಟು ಬೀಗ ಹಾಕಿದ್ದೆ. ಈಗ ತಾನೇ ನೋಡ್ಕೊಂಡು ಬಂದೆ, ಅಲ್ಲೇ ಮಲಗಿದೆ."

ಅಕ್ಕ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು. ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಅವಳ ಹೆದರಿಕೆಯೆಲ್ಲ ಬೆಳಿಗ್ಗೆಯೇ ಖರ್ಚಾಗಿ ಹೋಗಿತ್ತು.

"ಹಾಗಾದ್ರೆ ಎರಡಿವೆ" ಎಂದಳು. "ಎದ್ದು ಮನೆಗೆ ಹೋಗು. ಕಿಟಕೀಲಿರೋದಕ್ಕೂ ಏನಾದ್ರೂ ತಿನ್ನೋಕೆ ಹಾಕು. ಬೆಳಿಗ್ಗೆಯಿಂದ ಒಂದೇ ಕೂತಿದೆ, ಪಾಪ."

ಗೊಂಬೆಯಣ್ಣ ಎದ್ದ. ಬಾಗಿಲವರೆಗೂ ಹೋದ. ಆಮೇಲೆ ವಾಪಸು ಬಂದು, ಅಕ್ಕನ ಕೈ ಹಿಡಿದುಕೊಂಡು, ವಾರ್ಡಿನ ಕಿಟಕಿಗೆ ಬೆನ್ನು ಹಾಕಿ ಕೂತ.